ದಕ್ಷಿಣ ಕಂಬದ ಬಟ್ಟಲುಗಳು

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ದಕ್ಷಿಣ ಕಂಬದ ಅಂಕಿ ಇಳಿಯತೊಡಗಿತು.

ಹೊರಗೆ ಗಾಳಿ ಏರುತ್ತಿತ್ತು. ಗಾಳಿಮರಗಳ ತೋಪು ಒಂದೇ ಸಮ ಮೊರೆಯುತ್ತಿತ್ತು, ನಮ್ಮ ಕೋಣೆಯ ತಗಡಿನ ಮಾಡು ಮೊಳೆ ಕಿತ್ತುಕೊಳ್ಳಲು ಹವಣಿಸುತ್ತಿತ್ತು. ಉತ್ತರದ ಕಂಬವೂ ನಡುವಿನ ಕಂಬವೂ ಅದನ್ನೇ ಹೇಳುತ್ತಿದ್ದವು. ದಕ್ಷಿಣದ್ದು ಮಾತ್ರ ಗಾಳಿ ಬಿದ್ದುಹೋಗುತ್ತಿದೆ ಎನ್ನುತ್ತಿತ್ತು. ಚಹಾದ ಲೋಟ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದ ಸಾಹೇಬರು ಕಂಪ್ಯೂಟರಿನ ಪರದೆಯ ಹತ್ತಿರ ಬಗ್ಗಿದರು. ಅವರ ಮುಖ ಅರಳಿತು.

"ಸಾಯ್ತಾ ಇದೆ ಬೇಟಾ," ಎಂದರು. "ಕೊನೆಗೂ ಸಾಯ್ತಾ ಇದೆ."

ಸಾಯುತ್ತಿದ್ದದ್ದು ಆ ಕಂಬದ ತುದಿಯಲ್ಲಿ ತಿರುಗುವ ಮೂರು ಬಟ್ಟಲುಗಳ ಗಾಳಿಮಾಪಕ. ಅದು ಸಾಯಲಿ ಎಂದೇ ನಾವು ಕಾಸರಕೋಡದ ಆ ಮರಳು ದಿನ್ನೆಯ ಮೇಲೆ ಬೇಸಿಗೆಯಿಂದ ಕಾದು ಕೂತಿದ್ದೆವು. ಇದನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ಗಾಳಿಯ ವೇಗ ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಎಂದು ಕಾಲೇಜಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಒಬ್ಬರು ಹತ್ತು ನಿಮಿಷದ ಸರಾಸರಿ ತೆಗೆಯುತ್ತಾರೆ, ಇನ್ನೊಬ್ಬರು ಕ್ಷಣಮಾತ್ರದ ಬೀಸನ್ನೇ ಹಿಡಿಯುತ್ತಾರೆ. ಒಬ್ಬರು ಬಯಲಿನಲ್ಲಿ ಕಂಬ ನೆಡುತ್ತಾರೆ, ಮತ್ತೊಬ್ಬರು ಕಚೇರಿಯ ಮಾಡಿನ ಮೇಲೆ ಕೂರಿಸುತ್ತಾರೆ. ಇವರೆಲ್ಲರ ಅಂಕಿಗಳು ಒಂದೇ ಭಾಷೆ ಆಡಬೇಕಾದರೆ ಉಪಕರಣಗಳಿಗೆ ಒಂದೇ ನಿಯಮ ಬೇಕು. ಆ ನಿಯಮವನ್ನು ಬರೆಯಲು ಹಲವು ದೇಶಗಳ ತಜ್ಞರ ಸಮಿತಿಯೊಂದಿತ್ತು. ನಮ್ಮ ಸಾಹೇಬರು ಅದರ ಸದಸ್ಯರು. ಪುಣೆ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಉಪ್ಪು ಗಾಳಿಯ ಕರಾವಳಿಯಲ್ಲಿ ಬಟ್ಟಲಿನ ಮಾಪಕ ಎಷ್ಟು ಕಾಲ ನಿಜ ಹೇಳುತ್ತದೆ, ಯಾವಾಗ ಸುಳ್ಳಿಗೆ ಇಳಿಯುತ್ತದೆ ಎಂಬ ಒಂದು ಕಲಮಿನ ಮೇಲೆ ಸಮಿತಿಯಲ್ಲಿ ಜಗಳ ಹತ್ತಿತ್ತು. ತಯಾರಕರು ಒಂದು ಹೇಳುತ್ತಿದ್ದರು, ಸಮುದ್ರದಂಡೆಯ ದೇಶದವರು ಇನ್ನೊಂದು ಹೇಳುತ್ತಿದ್ದರು. ಹಾಗಾಗಿ ನಾಲ್ಕಾರು ದಂಡೆಗಳಲ್ಲಿ ಉಪಕರಣಗಳನ್ನು ನಿಲ್ಲಿಸಿ ನೋಡುವುದೆಂದು ತೀರ್ಮಾನವಾಯಿತು. ಅದರಲ್ಲಿ ಒಂದು, ಶರಾವತಿ ಸಮುದ್ರ ಸೇರುವ ಅಳಿವೆಯ ಪಕ್ಕದ ಈ ದಿನ್ನೆ.

ಪರೀಕ್ಷೆಯ ಕಟ್ಟಳೆ ಸರಳವಾಗಿತ್ತು. ಒಮ್ಮೆ ಮೇಲೇರಿಸಿದ ಮೇಲೆ ಮುಟ್ಟುವಂತಿಲ್ಲ. ಎಣ್ಣೆ ಬಿಡುವಂತಿಲ್ಲ, ಉಪ್ಪು ಒರೆಸುವಂತಿಲ್ಲ, ಕಾಗೆ ಗೂಡು ಕಟ್ಟಿದರೂ ತೆಗೆಯುವಂತಿಲ್ಲ. ಅದಾಗಿಯೇ ಕೆಡಬೇಕು, ಕೆಡುವುದನ್ನು ನಾವು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಕುಮಟೆಯ ಮನೆಯಲ್ಲಿ ಕೂತಿದ್ದವಳು. ಕೊಂಕಣ ರೈಲು ಓಡಲು ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಸಾಹೇಬರು ಪೆಟ್ಟಿಗೆಗಳ ಸಮೇತ ಆ ರೈಲಿನಲ್ಲೇ ಬಂದಿಳಿದರು. ಅವರಿಗೆ ಬರುತ್ತಿದ್ದ ತುಸು ಕನ್ನಡ ಊರವರ ಮಾತಿಗೆ ಸಾಲದು; ಅಂಕಿ ಬರೆಯಲು, ಊರವರ ಜೊತೆ ಮಾತಾಡಲು ಒಬ್ಬರು ಬೇಕೆಂದಾಗ ನಾನು ಸಿಕ್ಕಿದೆ. ಕುಮಟೆಯಿಂದ ಮೊದಲ ಬಸ್ಸು ಹಿಡಿದು ಹೊನ್ನಾವರ, ಅಲ್ಲಿಂದ ಸೇತುವೆ ದಾಟಿ ಕಾಸರಕೋಡ. ವಾರಕ್ಕೊಮ್ಮೆ ಜೀಪಿನಲ್ಲಿ ಭಟ್ಕಳಕ್ಕೆ. ಸಮಿತಿಗೆ ಅಂಕಿಗಳನ್ನು ಫ್ಯಾಕ್ಸ್ ಮಾಡಬೇಕಿತ್ತು, ಹೊರದೇಶಕ್ಕೆ ತಡೆಯಿಲ್ಲದೆ ಲೈನು ಸಿಗುತ್ತಿದ್ದದ್ದು ಗಲ್ಫಿನ ಮನೆಗಳಿಂದ ತುಂಬಿದ್ದ ಆ ಊರಿನ ಬೂತುಗಳಲ್ಲಿ. ಬೂತಿನವನು ಕಾಗದ ಒಳಗೆಳೆದುಕೊಳ್ಳುವುದನ್ನೇ ನೋಡುತ್ತಾ, "ಸಾಬ್, ಎಲ್ಲರೂ ದುಬೈಗೆ ಮಗಂದು ಮದುವೆ ಫೋಟೋ ಕಳಿಸ್ತಾರೆ. ನೀವು ಗಾಳಿ ಕಳಿಸ್ತೀರಲ್ಲ," ಎನ್ನುತ್ತಿದ್ದ.

ಕಾಸರಕೋಡದವರಿಗೂ ನಾವು ನಗುವ ವಸ್ತುವೇ. ಬುಟ್ಟಿ ಹೊತ್ತ ಹೆಂಗಸರು ಬೇಲಿಯ ಪಕ್ಕ ನಿಂತು ಕೇಳುತ್ತಿದ್ದರು:

"ಅಕ್ಕೋರೇ, ದಿನಾ ಗಾಳಿ ಹಿಡ್ದು ಡಬ್ಬಿಗೆ ತುಂಬ್ತ್ರಿ ಅಲ್ದಾ? ಎಲ್ಲಿ ಮಾರೂದು ಅದ್ನ?"

"ಪುಣೆಗೆ."

"ಅಲ್ಲಿ ಗಾಳಿ ಇಲ್ಯಾ? ಪಾಪ."

ಬಟ್ಟಲಿಲ್ಲದ, ಶಬ್ದದಿಂದ ಗಾಳಿ ಅಳೆಯುವ ಹೊಸ ಮಾದರಿಯೊಂದು ನಡುವಿನ ಕಂಬದ ಮೇಲಿತ್ತು. ಅದು ಅಲ್ಲಾಡುವುದೇ ಇಲ್ಲವೆಂದು ಅವರು ಅದಕ್ಕೆ ಸತ್ತದ್ದು ಎಂದು ಹೆಸರಿಟ್ಟಿದ್ದರು. ಬಟ್ಟಲಿನದು ಗಿರಗಿಟ್ಲೆ. ತೋಪಿನ ಆಚೆ, ದೋಣಿ ನೂಕುವ ದಂಡೆಯಿಂದ ಕಾಣುತ್ತಿದ್ದದ್ದು ದಕ್ಷಿಣದ ಗಿರಗಿಟ್ಲೆ ಒಂದೇ. ಅದು ಕಾಣುತ್ತದೆ ಎಂಬುದು ನಮಗೆ ಗೊತ್ತಿತ್ತು. ಅದನ್ನು ಯಾರು ಯಾಕೆ ನೋಡುತ್ತಾರೆ ಎಂದು ನಾವಿಬ್ಬರೂ ಕೇಳಿರಲಿಲ್ಲ. ಕೇಳಬೇಕೆಂದು ಸಮಿತಿಯ ಯಾವ ಕರಡಿನಲ್ಲೂ ಇರಲಿಲ್ಲ.

ಆ ಬೆಳಿಗ್ಗೆ ಸಾಹೇಬರು ಖುಷಿಯಲ್ಲಿದ್ದರು. ಮೂರು ದಿನಗಳಿಂದ ಮಾಪಕ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಿತ್ತು. ಒಳಗಿನ ಬೇರಿಂಗಿಗೆ ಉಪ್ಪು ಹಿಡಿದಿತ್ತು. ಈಗ ಅದು ತೆವಳುತ್ತಿತ್ತು. ಉಳಿದ ಎರಡು ಕಂಬಗಳು ತೋರಿಸುವುದರ ಮೂರರಲ್ಲೊಂದನ್ನೂ ಅದು ಹೇಳುತ್ತಿರಲಿಲ್ಲ.

"ನಿಂತುಹೋದರೆ ಯಾರಿಗೂ ಮೋಸ ಇಲ್ಲ," ಎಂದರು. "ನಿಂತಿದೆ ಅಂತ ಗೊತ್ತಾಗ್ತದೆ. ಅರ್ಧ ತಿರುಗ್ತದಲ್ಲ, ಅದು ಡೇಂಜರ್. ಇದನ್ನೇ ನಾನು ಅವರಿಗೆ ಹೇಳ್ತಾ ಇರೋದು."

ತೋಪಿನ ಆಚೆಯಿಂದ ದೋಣಿ ನೂಕುವವರ ಕೂಗು ಕೇಳಿಸಿತು. ಮಳೆಗಾಲದಲ್ಲಿ ಯಂತ್ರದ ದೊಡ್ಡ ಬೋಟುಗಳಿಗೆ ಬಂದಿ, ಸರ್ಕಾರದ ನಿಷೇಧ. ಸಣ್ಣ ದೋಣಿಗಳು ಮಾತ್ರ ಕಡಲು ಬಿಡುವು ಕೊಟ್ಟ ಹೊತ್ತು ನೋಡಿ, ಅಳಿವೆ ದಾಟಿ, ಶೆಟ್ಲಿಗೆ, ಎಂದರೆ ಸಿಗಡಿಗೆ, ಬಲೆ ಹಾಕಿ ಬರುತ್ತಿದ್ದವು. ಆ ಕೂಗು ನಮಗೆ ದಿನದ ಸದ್ದು. ಸಾಹೇಬರು ಚಹಾ ಕುಡಿದು ಮುಗಿಸಿದರು.

ಎಂಟಕ್ಕೆ ಮೊದಲೇ ಪಶ್ಚಿಮ ಕಪ್ಪಾಯಿತು. ಮೋಡ ಬಂತು ಎನ್ನಲಾರೆ, ಕಡಲೇ ಎದ್ದು ನಿಂತ ಹಾಗಿತ್ತು. ಮೊದಲ ಬೀಸಿಗೆ ಬಾಗಿಲು ಅಗಣಿ ಸಮೇತ ಒಳಗೆ ಬಂದು ಬಿತ್ತು. ಎರಡನೆಯದಕ್ಕೆ ಮಾಡಿನ ಒಂದು ತಗಡು ಹಾರಿ, ಬೇಲಿಗೆ ಸಿಕ್ಕಿ, ಕತ್ತಿಯಂತೆ ನಡುಗುತ್ತಾ ನಿಂತಿತು. ಮರಳು ಗೋಡೆಗೆ ಚರ್ರನೆ ಹೊಡೆಯುತ್ತಿತ್ತು. ನನ್ನ ಕೆನ್ನೆಯಲ್ಲಿ ರಕ್ತ ಬಂದದ್ದು ಗೊತ್ತಾದದ್ದು ನಾಲಗೆಗೆ ಉಪ್ಪು ತಾಗಿದಾಗ. ಕಂಬಗಳನ್ನು ಎಳೆದು ಕಟ್ಟಿದ್ದ ತಂತಿಗಳು ಕಿರುಚುತ್ತಿದ್ದವು. ತೋಪಿನಲ್ಲಿ ಗಾಳಿಮರಗಳು ಬುಡದಲ್ಲೇ ಮುರಿಯುವ ಸದ್ದು ಒಂದರ ಮೇಲೊಂದು. ನಾವಿಬ್ಬರೂ ಮೇಜಿನ ಕೆಳಗೆ ಕೂತಿದ್ದೆವು. ಸಾಹೇಬರು ಬ್ಯಾಟರಿಯ ಮೇಲೆ ಅಂಗಿ ಬಿಚ್ಚಿ ಹೊದಿಸಿದ್ದರು, ಅಂಕಿಗಳು ಹೋಗಬಾರದೆಂದು.

ಗಾಳಿ ತಟ್ಟನೆ ಬಿಟ್ಟಿತು. ಆಮೇಲಿನ ನಿಶ್ಶಬ್ದದಲ್ಲಿ ತೋಪಿನ ಆಚೆಯಿಂದ ಒಂದು ಹೆಣ್ಣುದನಿ ಎದ್ದಿತು. ಒಂದೇ ಸ್ವರ, ಉಸಿರು ತೆಗೆಯದೆ. ಅದಕ್ಕೆ ಇನ್ನಷ್ಟು ದನಿಗಳು ಸೇರಿದವು.

"ದೋಣಿ," ಎಂದೆ ನಾನು. ಇಬ್ಬರೂ ಹೊರಗೆ ಬಂದೆವು. ದಕ್ಷಿಣ ಕಂಬ ನೆಟ್ಟಗೆ ನಿಂತಿತ್ತು. ಆ ಗಾಳಿಯನ್ನೆಲ್ಲ ಕಂಡ ಮೇಲೂ ಅದರ ಬಟ್ಟಲುಗಳು ತಮ್ಮಷ್ಟಕ್ಕೆ, ಬೇಸರ ಬಂದವರ ಹಾಗೆ ತಿರುಗುತ್ತಿದ್ದವು.

ಬಿದ್ದ ಮರಗಳನ್ನು ಹಾರಿಕೊಂಡು ಅವರು ಬಂದರು. ಮೊದಲು ಗಂಡಸರು, ಹುಟ್ಟು ಹಿಡಿದವರು, ಬರಿಗೈಯವರು, ಹಿಂದೆ ಹೆಂಗಸರು. ಬೇಲಿಯ ಗೇಟು ಇತ್ತು, ಗೇಟಿನಿಂದ ಯಾರೂ ಬರಲಿಲ್ಲ. ಬೇಲಿಯನ್ನೇ ಕೆಡವಿ ತುಳಿದು ಬಂದರು. ಗಾಳಿ ಮುಗಿಯುವವರೆಗೆ ಜೀಪಿನಲ್ಲೇ ಕೂತಿದ್ದ ನಮ್ಮ ಚಾಲಕ ಮುರಿದ ತೋಪಿನೊಳಗೆ ಓಡಿದ್ದು ನನಗೆ ಕಾಣಿಸಿತು. ಸಾಹೇಬರು ಕೈ ಮುಂದೆ ಮಾಡಿ, "ಕಾಯ್ ಝಾಲಂ? ಎಂತ ಆಯ್ತು?" ಎನ್ನುತ್ತಿದ್ದಂತೆ ಒಬ್ಬ ಅವರ ಎದೆಗೆ ಹುಟ್ಟಿನ ತುದಿಯಿಂದ ತಿವಿದ. ಅವರು ಮರಳಿನ ಮೇಲೆ ಕೂತುಬಿಟ್ಟರು. ಕೂತವರ ಬೆನ್ನಿಗೆ, ಹೆಗಲಿಗೆ, ಕಿವಿಗೆ ಏಟು ಬಿತ್ತು. ಒದ್ದೆ ಮರ ಮೈಗೆ ಬೀಳುವ ಸದ್ದು ಮಂದವಾಗಿರುತ್ತದೆ, ಒದ್ದೆ ಗೋಣಿ ಬಡಿದ ಹಾಗೆ. ನಾನು ಅವರ ಮೇಲೆ ಬಿದ್ದೆ. ಯಾರೋ ನನ್ನ ಜಡೆ ಹಿಡಿದು ಪಕ್ಕಕ್ಕೆ ಎಳೆದರು.

"ಅಕ್ಕೋರನ್ನ ಬಿಡಿ! ಅವ್ರು ನಮ್ಮ ಬದಿಯವ್ರು!" ಎಂದು ಒಬ್ಬ ಹೆಂಗಸು ಕೂಗಿದಳು.

"ಬದಿಯವ್ರಂತೆ! ಹೇಳೂಕೆ ಬಾಯಿ ಇರ್ಲಿಲ್ವಾ ಇದ್ಕೆ?" ಎಂದಿತು ಇನ್ನೊಂದು ದನಿ.

"ಎಂತ ಹೇಳ್ಬೇಕಿತ್ತು?" ಎಂದೆ. ನಿಜವಾಗಿ ನನಗೆ ತಿಳಿದಿರಲಿಲ್ಲ.

ಮುಂದೆ ಬಂದದ್ದು ಒಬ್ಬ ತಂಡೇಲ, ದೋಣಿಯ ಯಜಮಾನ. ಮೂವತ್ತೈದರ ಆಸುಪಾಸಿನವನು. ನಿಧಾನ ಮಾತಿನ ಮನುಷ್ಯ, ಎಷ್ಟೋ ಸಲ ಬೇಲಿಯ ಆಚೆಯಿಂದ ನನಗೆ ಬೀಡಿ ಮರೆಮಾಡಿಕೊಂಡು ನಮಸ್ಕಾರ ಹೇಳಿದವನು. ಅವನ ತಮ್ಮನೂ ಸೋದರಮಾವನೂ ಹೋದ ದೋಣಿ ವಾಪಸು ಬಂದಿರಲಿಲ್ಲ. ಉಳಿದವು ಹೇಗೋ ದಡಕ್ಕೆ ಬಡಿದು ಬಂದಿದ್ದವು. ಅವನ ಸೊಂಟದಲ್ಲಿ ಬಲೆಯ ಹಗ್ಗ ಕೊಯ್ಯುವ ಕತ್ತಿ ಇತ್ತು.

"ನಿಮ್ಮ ಗಿರಗಿಟ್ಲೆ ಸುಳ್ಳು ಹೇಳ್ತು," ಎಂದ.

ಅವನ ತಾಯಿ ಹಿಂದಿನಿಂದ ಎದೆ ಬಡಿದುಕೊಂಡು ಉಳಿದದ್ದನ್ನು ಹೇಳಿದಳು. "ಮಳೆಗಾಲ ಹಿಡ್ದಾಗಿನಿಂದ ಅದ್ನ ನೋಡೇ ದೋಣಿ ನೂಕೂದು ನಾವು! ಬಟ್ಲು ಒಂದೊಂದೇ ಎಣಿಸೂಕೆ ಬಂದ್ರೆ ಹೋಗೂದು. ಬಳೆ ಹಾಂಗೆ ಕಂಡ್ರೆ ಇಲ್ಲ. ಒಂದ್ ದಿವ್ಸ ತಪ್ಪಿರ್ಲಿಲ್ಲ ಅದು!"

ಏಟುಗಳ ನಡುವೆಯೇ ನನಗೆ ಎಲ್ಲವೂ ಬಿಡಿಬಿಡಿಯಾಗಿ ಕಂಡಿತು. ದೋಣಿ ನೂಕುವ ದಂಡೆ ದಿನ್ನೆಯ ಮರೆಯಲ್ಲಿದೆ. ತೋಪಿನ ಹಿಂದೆ ನಿಂತವರ ಮೈಗೆ ಅಳಿವೆಯ ಗಾಳಿ ತಾಗುವುದಿಲ್ಲ, ಮಳೆಗಾಲದುದ್ದಕ್ಕೂ ಮೊರೆಯುವ ತೋಪಿನ ಸದ್ದಿನಿಂದಲೂ ಏನೂ ತಿಳಿಯುವುದಿಲ್ಲ. ಮೊದಲೆಲ್ಲ ಒಬ್ಬರನ್ನು ಮರ ಹತ್ತಿಸಿಯೋ, ಅಳಿವೆಯ ಬಾಯಿಗೆ ಕಳಿಸಿಯೋ ಗಾಳಿ ನೋಡಿಸುತ್ತಿದ್ದರಂತೆ. ನಮ್ಮ ಕಂಬ ಬಂದ ಮೇಲೆ ಆ ಕೆಲಸ ತಪ್ಪಿತ್ತು. ಬಟ್ಟಲುಗಳು ಬೇರೆಬೇರೆಯಾಗಿ ಕಂಡರೆ ಕಡಲು ಸಾಧು; ಒಂದಕ್ಕೊಂದು ಕೂಡಿ ಬಳೆಯಾದರೆ ದೋಣಿ ದಡದಲ್ಲೇ. ಬೇಸಿಗೆಯ ಕೊನೆಯಿಂದ ಇಡೀ ಕೇರಿ ನಮ್ಮ ಮಾಪಕವನ್ನು ನಮಗಿಂತ ಚೆನ್ನಾಗಿ ಬಳಸಿಕೊಂಡಿತ್ತು. ಕೆಟ್ಟುಹೋಗಲೆಂದೇ ನಿಲ್ಲಿಸಿದ ಮಾಪಕವನ್ನು.

"ಗಾಳಿ ಇದ್ದಿದ್ದು ನಿಮ್ಗೆ ಗೊತ್ತಿತ್ತಾ?" ಎಂದು ತಂಡೇಲ ಸಾಹೇಬರನ್ನು ಕೇಳಿದ. "ಅದು ತಪ್ಪು ತಿರುಗ್ತಿದ್ದು ಗೊತ್ತಿತ್ತಾ?"

ನಾನು ಇಲ್ಲವೆಂದು ತಲೆಯಾಡಿಸುತ್ತಾ ಅವರ ಕಡೆ ನೋಡಿದೆ. ಕಿವಿಯಿಂದ ರಕ್ತ ಇಳಿಯುತ್ತಿತ್ತು. ಅವರು ನನ್ನ ತಲೆಯಾಡಿಸುವಿಕೆಯನ್ನು ಕಂಡರು, ಅದರ ಅರ್ಥವೂ ಅವರಿಗಾಯಿತು.

"ಗೊತ್ತಿತ್ತು," ಎಂದರು. "ಮೂರು ದಿವಸದಿಂದ ಗೊತ್ತಿತ್ತು."

ತಂಡೇಲ ಅವರ ಬಲಗೈಯನ್ನು ಹಿಡಿದು ಕಂಬದ ಬುಡದ ಕಾಂಕ್ರೀಟಿನ ಮೇಲೆ ಇಟ್ಟು, ಪಕ್ಕದವನ ಕೈಯಿಂದ ಹುಟ್ಟು ಕಿತ್ತುಕೊಂಡು ಹೊಡೆದ. ಎರಡನೆಯ ಏಟಿಗೆ ಬೆರಳುಗಳು ಬೇರೆ ದಿಕ್ಕಿಗೆ ತಿರುಗಿದವು. ಸಾಹೇಬರು ಕೂಗಲಿಲ್ಲ, ಉಸಿರು ಒಳಗೆ ಎಳೆದುಕೊಂಡರು, ಆ ಎಳೆದುಕೊಂಡ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಅಷ್ಟರಲ್ಲಿ ಉಳಿದವರು ಉತ್ತರದ ಕಂಬವನ್ನು ಹಗ್ಗ ಹಾಕಿ ಎಳೆದು ಕೆಡವಿದ್ದರು, ಕೋಣೆಯೊಳಗೆ ಪರದೆ ಒಡೆಯುತ್ತಿತ್ತು.

ಬಲೆಯ ಹಗ್ಗದಿಂದ ಅವರನ್ನು ದಕ್ಷಿಣ ಕಂಬಕ್ಕೆ ಕಟ್ಟಿದರು. ತಂಡೇಲ ಮರಳಿನಲ್ಲಿ ಎದುರಿಗೆ ಕೂತ, ಕತ್ತಿ ತೊಡೆಯ ಮೇಲೆ.

"ತಮ್ಮ ಬಂದ್ರೆ ನೀನು ಹೋಗು," ಎಂದ. "ಅಂವ ಬರ್ದಿದ್ರೆ ನೀನೂ ಇಲ್ಲೇ."

ಮಳೆ ಮತ್ತೆ ಹಿಡಿಯಿತು. ನನಗೆ ಹೋಗೆಂದರು. ನಾನು ಹೋಗಲಿಲ್ಲ. ಪೊಲೀಸರಿಗೆ ಹೇಳಲು ಫೋನು ಹತ್ತಿರದಲ್ಲಿಲ್ಲ, ಇದ್ದರೂ ಆ ಗಾಳಿಗೆ ತಂತಿ ಉಳಿದಿರಲಿಕ್ಕಿಲ್ಲ. ಬಿಟ್ಟುಬಿಡಿ ಎಂದು ಕೈಮುಗಿದೆ. ಇವರು ಸುಳ್ಳು ಹೇಳಲು ಬಂದವರಲ್ಲ, ಇಂಥ ಸುಳ್ಳು ಎಲ್ಲೂ ಆಗಬಾರದೆಂದು ನೋಡಲು ಬಂದವರು ಎಂದೆ. ನನ್ನ ಬಾಯಿಂದ ಬಂದ ಆ ಮಾತು ನನಗೇ ನಾಚಿಕೆಯಾಗುವಷ್ಟು ಸಣ್ಣದಾಗಿ ಕೇಳಿಸಿತು.

"ನೋಡೂಕೆ ನಮ್ಮ ತಮ್ಮನೇ ಬೇಕಿತ್ತಾ?" ಎಂದ ತಂಡೇಲ.

ದಕ್ಷಿಣಕ್ಕಿರುವ ಮಂಕಿ ಎಂಬ ಊರಿನ ಕಡೆಯಿಂದ ಸುದ್ದಿ ತಂದವನು ಕೆಸರಾದ ಲೂನಾ ಅಲ್ಲೇ ಬಿಟ್ಟು ಓಡಿ ಬಂದ. "ಇಬ್ರೂ ಸಿಕ್ಕಿರು! ಮಂಕಿ ದಂಡೆಲಿ! ಮಾವ ಕೂತ್ಕಂಡವ್ನೆ. ತಮ್ಮಂಗೆ ಉಸ್ರದೆ, ಕಣ್ಣು ಬಿಡೂದಿಲ್ಲ. ಆಸ್ಪತ್ರೆಗೆ ಒಯ್ಯೂಕೆ ಗಾಡಿ ಬೇಕು, ಗಾಡಿ!"

ಗಾಡಿ ಎಂದರೆ ಅಲ್ಲಿದ್ದದ್ದು ನಮ್ಮ ಜೀಪು ಒಂದೇ. ಮೀನಿನ ಟೆಂಪೋಗಳು ಬಂದಿ ಮುಗಿಯುವ ತನಕ ಬರುತ್ತಿರಲಿಲ್ಲ. ಚಾಲಕ ಓಡಿಹೋಗಿದ್ದ. ಜೀಪು ಬಿಡಲು ಬರುವವರು ಯಾರೆಂದು ತಂಡೇಲ ಸುತ್ತಲೂ ನೋಡಿದ. ಯಾರೂ ಮುಂದೆ ಬರಲಿಲ್ಲ.

"ನನಗೆ ಬರ್ತದೆ," ಎಂದರು ಸಾಹೇಬರು, ಕಂಬಕ್ಕೆ ಒರಗಿಕೊಂಡೇ.

ಕತ್ತಿ ಅವರ ಹತ್ತಿರ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಹಗ್ಗ ಕೆಳಗೆ ಬಿದ್ದಿತ್ತು.

ಬಲಗೈ ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು ಅವರು ಕೂತರು. ಗೇರು ಹಾಕುವವಳು ನಾನು. ಜನ್ಮದಲ್ಲಿ ಗೇರು ಮುಟ್ಟಿದವಳಲ್ಲ. ಅವರು ಕ್ಲಚ್ ಒತ್ತಿ "ಹಾ" ಎಂದಾಗ ಎಳೆಯಬೇಕು, "ಮುಂದೆ" ಎಂದರೆ ತಳ್ಳಬೇಕು. ತಂಡೇಲ ನಮ್ಮ ಹಿಂದೆ ಕೂತ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು, ಅವನ ಕತ್ತಿ ಸಾಹೇಬರ ಕುತ್ತಿಗೆಯ ಹತ್ತಿರ ಇತ್ತು. ಹೆದ್ದಾರಿಯಲ್ಲಿ ಮರ ಬಿದ್ದಲ್ಲೆಲ್ಲ ಅವನು ಜಿಗಿದು, ಒಬ್ಬನೇ ಕೊಂಬೆ ಎಳೆದು, ಮತ್ತೆ ಹತ್ತುತ್ತಿದ್ದ. ಪ್ರತಿ ಸಲ ಅವನು ಇಳಿದಾಗ, ಹೊರಟುಬಿಡಿ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಸಾಹೇಬರು ಎಂಜಿನ್ ಆರದಂತೆ ನೋಡಿಕೊಂಡು ಕಾದರು.

ಮಂಕಿಯ ದಂಡೆಯಲ್ಲಿ ಮಾವ ಸೋದರಳಿಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹುಡುಗನಿಗೆ ನನ್ನದೇ ವಯಸ್ಸು. ಹಣೆಯ ಮೇಲೆ ಬಂಡೆ ತಾಗಿದ ಗಾಯ, ಮಳೆ ತೊಳೆದು ಬಿಳಿಚಿಕೊಂಡಿತ್ತು. ಹೊಟ್ಟೆ ಒತ್ತಿದರು, ಬಾಯಿಂದ ನೀರು ಬಂತು, ಮರಳು ಬಂತು. ಅವನು ಕೆಮ್ಮಿದ. ಆ ಕೆಮ್ಮು ಕೇಳಿ ನನಗಾದ ಸಂತೋಷದಲ್ಲಿ ಎಷ್ಟು ಪಾಲು ಅವನಿಗಾಗಿ, ಎಷ್ಟು ಪಾಲು ಸಾಹೇಬರಿಗಾಗಿ ಎಂದು ಹೇಳಲಾರೆ. ಅವನು ಉಳಿದರೆ ಇವರು ಉಳಿಯುತ್ತಿದ್ದರು.

"ನಾ ಬೇಡ ಅಂದೆ ಮಾರಾಯಾ," ಎಂದು ಮಾವ ಜೀಪಿನಲ್ಲಿ ಒಂದೇ ಸಮ ಹೇಳುತ್ತಿದ್ದ. "ಮೋಡ ಸರಿ ಇಲ್ಲ ಅಂದೆ. ಇಂವ ಕಂಬ ತೋರ್ಸ್ದ. ಎಣ್ಸಿಕಣಿ ಮಾವ ಅಂದ."

"ಸುಮ್ನಿರು," ಎಂದ ತಂಡೇಲ. ಆಮೇಲೆ ಸಾಹೇಬರಿಗೆ: "ಬೇಗ."

"ಗೇರ್," ಎಂದರು ಸಾಹೇಬರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಶರಾವತಿಯ ಸೇತುವೆಯ ಮೇಲೆ ಗಾಳಿ ಅಡ್ಡಲಾಗಿ ಹೊಡೆಯಿತು. ಜೀಪು ಎಡಕ್ಕೆ ಸರಿದು ಕಟ್ಟೆಗೆ ಉಜ್ಜಿತು. ಕೆಳಗೆ ನದಿ ಕೆಂಪಾಗಿ, ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿತ್ತು. ಆಗ, ಹಿಂದಿನ ಸೀಟಿನಿಂದ ಬರುತ್ತಿದ್ದ ಗೊರಗೊರ ಉಸಿರು ನಿಂತದ್ದು ನನಗೆ ಗೊತ್ತಾಯಿತು. ತಿರುಗಿ ನೋಡಿದೆ. ಮಾವ ನನ್ನನ್ನು ನೋಡಿದ. ಅವನ ಅಂಗೈ ಹುಡುಗನ ಎದೆಯ ಮೇಲಿತ್ತು. ಅವನು ತಲೆಯನ್ನು ಬಹಳ ಸಣ್ಣಗೆ ಅಲ್ಲಾಡಿಸಿದ, ಹೇಳಬೇಡ ಎಂಬಂತೆ. ತಂಡೇಲ ಮುಂದೆಯೇ ನೋಡುತ್ತಿದ್ದ, ಕತ್ತಿ ಅದೇ ಜಾಗದಲ್ಲಿತ್ತು. ಆ ಸೇತುವೆ ಎಷ್ಟು ಉದ್ದ ಎಂದು ಅದರ ಮೇಲೆ ದಿನಾ ಓಡಾಡಿದ ನನಗೆ ಆವರೆಗೆ ತಿಳಿದಿರಲಿಲ್ಲ. ಸಾಹೇಬರು "ಹಾ" ಎಂದಾಗ ಎಳೆದೆ, "ಮುಂದೆ" ಎಂದಾಗ ತಳ್ಳಿದೆ. ಗೇರಿನ ಮೇಲೆ ನನ್ನ ಕೈ ಬೆವರಿ ಜಾರುತ್ತಿತ್ತು. ಮಾವ ಹುಡುಗನ ಕೆನ್ನೆ ತಟ್ಟುತ್ತಾ, "ಆತು ತಮಾ, ಬಂತು, ಬಂತು," ಎನ್ನುತ್ತಲೇ ಇದ್ದ.

ಹೊನ್ನಾವರದ ಆಸ್ಪತ್ರೆಯ ಅಂಗಳದಲ್ಲಿ ಜೀಪು ನಿಂತ ಕೂಡಲೆ ಸಾಹೇಬರು ಸ್ಟೇರಿಂಗಿನ ಮೇಲೆ ಕವಿದು ಬಿದ್ದರು. ಅವರ ಎದೆಯ ಭಾರಕ್ಕೆ ಹಾರ್ನ್ ಒತ್ತಿಹೋಗಿ ಕೂಗತೊಡಗಿತು. ಆ ಕೂಗಿನ ನಡುವೆ ಡಾಕ್ಟರು ಬಂದರು, ಹುಡುಗನ ರೆಪ್ಪೆ ಎತ್ತಿ ನೋಡಿದರು, ಕೈ ಕೆಳಗಿಟ್ಟರು. ತಂಡೇಲ ಇಳಿದು ಮುಂದಿನ ಬಾಗಿಲಿಗೆ ಬಂದ. ಕತ್ತಿ ಕೈಯಲ್ಲೇ ಇತ್ತು. ಸಾಹೇಬರ ಕಾಲರು ಹಿಡಿದು ಮೇಲೆತ್ತಿದ. ಹಾರ್ನ್ ನಿಂತಿತು. ಅವರಿಗೆ ಎಚ್ಚರ ಇರಲಿಲ್ಲ, ತಲೆ ಹಿಂದಕ್ಕೆ ಬಿದ್ದು ಗಂಟಲು ಪೂರ್ತಿ ತೆರೆದಿತ್ತು. ತಂಡೇಲ ಆ ಗಂಟಲನ್ನೇ ನೋಡಿದ. ಎಷ್ಟು ಹೊತ್ತೋ.

"ಇವತ್ತು ಬೇಡ," ಎಂದ. ಕಾಲರು ಬಿಟ್ಟ.

ಆ ಎರಡು ಶಬ್ದಗಳು ನನ್ನ ನಿದ್ದೆ ತಿಂದವು. ಇವತ್ತು ಬೇಡ ಎಂದರೆ ಇನ್ನೊಂದು ದಿನ ಎಂದೇ ಅರ್ಥ. ಪೊಲೀಸರು ಬಂದು ಕೇಳಿದಾಗ ಸಾಹೇಬರು, ಗಾಳಿಗೆ ಕಂಬ ಬಿದ್ದು ಕೈ ಮುರಿಯಿತು, ಬೇಲಿಯೂ ಗಾಳಿಗೇ ಹೋಯಿತು ಎಂದು ಬರೆಸಿದರು. ನನಗೆ ಸಿಟ್ಟು ಬಂತು. ನಾನು ಹೊಡೆತಗಳನ್ನು ಕಂಡವಳು, ಯಾರನ್ನೂ ಕ್ಷಮಿಸಿರಲಿಲ್ಲ. ಪೊಲೀಸರು ಹೊರಟ ಮೇಲೆ, "ಅವನು ಮತ್ತೆ ಬರ್ತಾನೆ ಸರ್," ಎಂದೆ.

"ಬರಬಹುದು," ಎಂದರು. "ಬರೋದಕ್ಕೆ ಅವನಿಗೆ ಕಾರಣ ಇದೆ."

ಕುಮಟೆಯ ಮನೆಯಲ್ಲಿ ನಾನು ಕಿಟಕಿ ಮುಚ್ಚಿ, ಬಾಗಿಲ ಅಗಣಿ ನೋಡಿ, ಮತ್ತೆ ಎದ್ದು ನೋಡಿ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ಜೀಪಿನ ಹಾರ್ನ್. ತೆಂಗಿನ ಗರಿ ಬಿದ್ದರೆ ಹುಟ್ಟಿನ ಏಟು. ಪಕ್ಕದ ಕೋಣೆಯಿಂದ ನನ್ನ ಅಮ್ಮ, ನಮ್ಮ ಆಯಿ, "ನಿದ್ದೆ ಬತ್ತಿಲ್ಯನೇ?" ಎನ್ನುತ್ತಿದ್ದಳು. "ಬತ್ತು ಆಯಿ, ನೀ ಮನಿಕ," ಎನ್ನುತ್ತಿದ್ದೆ. ಅವಳು ಎದ್ದು ಬಂದು ನನ್ನ ಹತ್ತಿರ ಮಲಗಿದ ದಿನಗಳೂ ಇವೆ. ಆಗಲೂ ನನ್ನ ಕೈ ಗೇರು ಹಿಡಿದ ಹಾಗೆಯೇ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು.

ಸಾಹೇಬರ ಕೈ ಕೂಡಿತು, ಬೆರಳುಗಳು ಮಡಚಲು ಒಪ್ಪಲಿಲ್ಲ. ಅದೇ ಚಳಿಗಾಲ ಸಮಿತಿಯ ಸಭೆಗೆ ಹೋದರು. ಅಲ್ಲಿ ಅವರ ಜಗಳ ಎಣ್ಣೆಯದ್ದೂ ಅಲ್ಲ, ಉಪ್ಪಿನದ್ದೂ ಅಲ್ಲ ಎಂದು ಆಮೇಲೆ ಹೇಳಿದರು. ಪರೀಕ್ಷೆಯ ಉಪಕರಣ ಹತ್ತಿರದ ಜನರ ಕಣ್ಣಿಗೆ ಬೀಳುವಂತಿದ್ದರೆ ಅವರು ಅದನ್ನು ಯಾವುದಕ್ಕೆ ಬಳಸುತ್ತಾರೆಂದು ಮೊದಲು ವಿಚಾರಿಸಬೇಕು. ಅದು ತಪ್ಪತೊಡಗಿದ್ದು ತಿಳಿದ ಕ್ಷಣವೇ ಪರೀಕ್ಷೆ ಹಾಳಾದರೂ ಸರಿ, ಕೆಳಗಿಳಿಸಬೇಕು. ಇದನ್ನು ನಿಯಮದೊಳಗೆ ಬರೆಯಬೇಕೆಂದು ಅವರ ಹಟ. ಅಳತೆಯ ನಿಯಮದಲ್ಲಿ ನೋಡುವವರ ವಿಷಯ ಯಾಕೆ ಎಂದು ಕೆಲವರು ಕೇಳಿದರಂತೆ. ಅವರು ಬಲಗೈ ಮೇಜಿನ ಮೇಲಿಟ್ಟು ಕೂತರಂತೆ. ಕರಡಿನಲ್ಲಿ ಆ ವಾಕ್ಯ ಸೇರಿತು.

ಮಳೆಗಾಲಕ್ಕೆ ಮೊದಲು ಅವರು ಮತ್ತೆ ರೈಲಿಳಿದು ಬಂದು, ಕಾಸರಕೋಡಕ್ಕೆ ಹೋಗಬೇಕು ಎಂದರು. ನಾನು ಹೋಗಬೇಡಿ ಎಂದು ಅತ್ತೆ. ನೀನು ಬರಬೇಕಿಲ್ಲ ಎಂದರು. ಅವರೊಬ್ಬರನ್ನೇ ಕಳಿಸಿ ಮನೆಯಲ್ಲಿ ಕೂರುವುದು ಜೊತೆಗೆ ಹೋಗುವುದಕ್ಕಿಂತ ಭಯಂಕರವೆನಿಸಿ ಬಸ್ಸು ಹತ್ತಿದೆ.

ತಂಡೇಲ ಒಣಮೀನಿನ ಚಾಪೆಗಳ ನಡುವೆ ಕೂತು ಬಲೆಯ ಹರಿದ ಕಣ್ಣುಗಳನ್ನು ಕೊಯ್ಯುತ್ತಿದ್ದ. ಅದೇ ಕತ್ತಿ. ನಮ್ಮನ್ನು ಕಂಡು ಏಳಲಿಲ್ಲ. ಸುತ್ತಲಿನ 'ಯಾರು, ಎಂತಕ್ಕೆ' ಎಂಬ ಗುಸುಗುಸು ನಿಂತುಹೋಯಿತು. ಸಾಹೇಬರು ಅವನೆದುರು ಮರಳಿನಲ್ಲಿ ಕೂತರು, ಕತ್ತಿಗೆ ಒಂದು ಕೈಯಳತೆಯ ದೂರದಲ್ಲಿ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: ತಪ್ಪು ನಮ್ಮದು, ಕೇಳಬೇಕಿತ್ತು, ಇಳಿಸಬೇಕಿತ್ತು. ಮತ್ತೆ ಸಮಿತಿಯ ಕರಡಿಗೆ ಸೇರಿದ ಆ ವಾಕ್ಯವನ್ನೂ ಹೇಳಿದೆ.

"ಎಷ್ಟು ದೇಶಕ್ಕೆ ಇದು?" ಎಂದ ಅವನು.

"ಒಪ್ಪಿದವ್ರಿಗೆಲ್ಲ."

"ತಮ್ಮನ ಹೆಸ್ರು ಇದ್ಯಾ ಅದ್ರಲ್ಲಿ?"

"ಇಲ್ಲ."

ಅವನು ಒಂದು ಕಣ್ಣು ಕೊಯ್ದ, ಇನ್ನೊಂದು ಕೊಯ್ದ. ಸಾಹೇಬರ ಬಲಗೈಯನ್ನು ನೋಡಿದ, ನನ್ನನ್ನು ನೋಡಿದ.

"ಬ್ರಿಜ್ಜಿನ ಮೇಲೇ ಗೊತ್ತಾಗಿತ್ತು ನಂಗೆ, ಅಂವ ಹೋದ ಅಂತ," ಎಂದ. "ನೀವೂ ಮಾವನೂ ಕಣ್ಣಲ್ಲೇ ಮಾತಾಡ್ತಿದ್ರಿ. ಮಾವಂಗೆ ನಟನೆ ಬರೂದಿಲ್ಲ. ಕತ್ತಿ ಕೈಲೇ ಇತ್ತು." ಬಲೆಯನ್ನು ತೊಡೆಯ ಮೇಲೆ ಸರಿಸಿಕೊಂಡ. "ಮಾವ ಬೇಡ ಅಂದಾಗ ದಡದಲ್ಲಿ ನಿಂತು ಬಟ್ಲು ಎಣ್ಸಿ, ಹೋಗಿ ಅಡ್ಡಿಲ್ಲ ಅಂದಂವ ನಾನು. ತಮ್ಮ ನಾ ಹೇಳದ್ದಕ್ಕೇ ಕಂಬ ತೋರ್ಸದ್ದು. ಯಾರ್ನ ಕಡೀಲಿ ಹೇಳಿ ಅಕ್ಕೋರೇ?"

ಸಾಹೇಬರಿಗೆ ನಾನು ಅನುವಾದಿಸಬೇಕಾಗಲಿಲ್ಲ. ಅವರು ತಲೆ ಬಗ್ಗಿಸಿಕೊಂಡು ಕೂತಿದ್ದರು.

"ಇನ್ನು ಈ ಬದಿಗೆ ಬರಬೇಡಿ," ಎಂದ ತಂಡೇಲ. "ಹೆದ್ರಿಕೆಗೆ ಅಲ್ಲ. ನಿಮ್ಮನ್ನ ನೋಡೂಕೆ ಆಗೂದಿಲ್ಲ ನಂಗೆ. ಅಷ್ಟೇ."

ಎದ್ದು, ಬಲೆಯನ್ನು ಹೆಗಲಿಗೆ ಹಾಕಿಕೊಂಡು ದೋಣಿಗಳ ಕಡೆ ಹೋದ. ಅವನ ತಾಯಿ ನಮಗೆ ನೀರು ತಂದಿಟ್ಟಳು. ಕುಡಿದು ಹೊರಟೆವು. ಸಾಹೇಬರನ್ನು ಹೊನ್ನಾವರದ ಸ್ಟೇಷನ್ನಿನಲ್ಲಿ ಬಿಟ್ಟೆ. ರೈಲು ಬರುವ ಮುಂಚೆ ಅವರು, ನೀನು ಮಲಗ್ತೀಯಾ ಈಗ, ಎಂದು ಕೇಳಿದರು. ಗೊತ್ತಿಲ್ಲ ಸರ್ ಎಂದೆ. ನನಗೂ ಗೊತ್ತಿಲ್ಲ ಎಂದರು.

ಮನೆಗೆ ಬಂದಾಗ ಸಂಜೆ. ಆಯಿ ಅನ್ನಕ್ಕೆ ತಂಬುಳಿ ಬಡಿಸಿದಳು. ಉಂಡು, ಚಾಪೆ ಹಾಸಿ, ಸುಮ್ಮನೆ ಬೆನ್ನು ಚಾಚೋಣವೆಂದು ಮಲಗಿದೆ. ಅಗಣಿ ನೋಡಲು ಏಳಬೇಕು ಎಂದುಕೊಂಡದ್ದು ನೆನಪಿದೆ. ಎದ್ದದ್ದು ನೆನಪಿಲ್ಲ. ಕಣ್ಣು ತೆರೆದಾಗ ಅಂಗಳದಲ್ಲಿ ಬಿಸಿಲಿತ್ತು, ಬಚ್ಚಲ ಒಲೆಯ ಹೊಗೆ ಒಳಗೆ ಬರುತ್ತಿತ್ತು, ಆಯಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಎಂತಕ್ಕೆ ಏಳ್ಸಿದ್ದಿಲ್ಲೆ?" ಎಂದೆ.

"ಏಳ್ಸಲೆ ಮನಸ್ಸಾತಿಲ್ಲೆ," ಎಂದಳು.